ಪರಸವ್ವನ ಅರ್ಜಿ ‘ಇತ್ಯರ್ಥ’ವಾದ ಬಗೆ

ರೋಗಿಗಳ ಮನೆಗೆ ವೈದ್ಯಕೀಯ ಉಪಕರಣಗಳನ್ನು ಎರವಲು ಕೊಡುವ ಯೋಜನೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಬಬಲೇಶ್ವರದ ಪರಸವ್ವ ಎಂಬ ಅರವತ್ತೆರಡು ವರ್ಷದ ಹೆಣ್ಣುಮಗಳ ಅರ್ಜಿಯನ್ನು ನಮ್ಮ ಕಚೇರಿಯ ತಂತ್ರಾಂಶ ‘ಇತ್ಯರ್ಥವಾಗಿದೆ’ ಎಂದು ಮುಚ್ಚಿದೆ. ಅದು ಇತ್ಯರ್ಥವಾಗಿಲ್ಲ. ಪರಸವ್ವನಿಗೆ ಉಸಿರಾಟದ ಯಂತ್ರ ಸಿಗಲಿಲ್ಲ, ಅವರು ತೀರಿಕೊಂಡರು. ಆ ತಂತ್ರಾಂಶವನ್ನು ಇನ್ನೆರಡರ ಜೊತೆ ಹೋಲಿಸಿ, ಇದೇ ಉತ್ತಮ ಎಂದು ತಮಗೆ ಬರೆದುಕೊಟ್ಟವಳು ನಾನು. ಇದನ್ನು ಕಚೇರಿಯೊಳಗೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹೇಳಿದ್ದೆ. ತಾವೇ ಆದೇಶಿಸಿದಂತೆ ತಂತ್ರಾಂಶದ ಮೂಲಕವೇ ತಮಗೆ ಟಿಪ್ಪಣಿ ಕಳಿಸಿದ್ದೆ. ತಮ್ಮಿಂದ ಏಳು ದಿನ ಉತ್ತರ ಬರಲಿಲ್ಲ. ಎಂಟನೆಯ ದಿನ ನನ್ನ ಟಿಪ್ಪಣಿಯೂ ಇತ್ಯರ್ಥವಾಯಿತು. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಅಚ್ಚಾದ ಕಾಗದ ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಹಳೆಯ ಪದ್ಧತಿ ಬಂಗಾರದಂಥದ್ದಾಗಿತ್ತು ಎಂದು ನಾನು ಹೇಳುವುದಿಲ್ಲ. ಗಾಂಧಿ ಚೌಕದ ಹತ್ತಿರದ ನಮ್ಮ ಮಹಡಿ ಕಚೇರಿಯಲ್ಲಿ ಹಿರಿಯ ಗುಮಾಸ್ತೆ ಆನಂದೀಬಾಯಿಯವರು ಎಲ್ಲವನ್ನೂ ಒಂದು ದಪ್ಪ ವಹಿಯಲ್ಲಿ ಬರೆದಿಡುತ್ತಿದ್ದರು. ಕೆಲವು ಅರ್ಜಿಗಳು ಅವರ ಕೈಚೀಲದ ಕೆಳಗೆ ತಿಂಗಳುಗಟ್ಟಲೆ ಮಲಗಿದ್ದನ್ನು ನಾನೇ ಕಂಡಿದ್ದೇನೆ. ಒಂದು ಗಾಲಿಕುರ್ಚಿಗಾಗಿ ತಿಕೋಟಾದಿಂದ ನಾಲ್ಕು ಸಲ ಬಂದು ಹೋದವರಿದ್ದಾರೆ. ಆದರೆ ಯಾರಾದರೂ ಫೋನು ಎತ್ತದಿದ್ದರೆ ಆನಂದೀಬಾಯಿ ಆ ಊರಿನ ಬಸ್ಸಿನ ಕಂಡಕ್ಟರನನ್ನು ಹಿಡಿದು, ‘ಅವರ ಮನೀಗಿ ಸುದ್ದಿ ಮುಟ್ಟಸ್ರಿ, ಡಾಕ್ಟರ ಚೀಟಿ ಬೇಕಂತ ಹೇಳ್ರಿ’ ಎಂದು ಕಳಿಸುತ್ತಿದ್ದರು. ಸುದ್ದಿ ಮುಟ್ಟುತ್ತಿತ್ತು.

ಕಳೆದ ವರ್ಷ ತಾವು ನನ್ನನ್ನು ಕರೆದು ಮೂರು ತಂತ್ರಾಂಶಗಳ ಹೆಸರು ಕೊಟ್ಟಿರಿ. ಅರ್ಜಿ ಬಂದ ಗಳಿಗೆಯಿಂದ ಉಪಕರಣ ಮನೆ ಸೇರುವವರೆಗಿನ ಕೆಲಸವನ್ನು ತಾನೇ ನಡೆಸಿಕೊಂಡು ಹೋಗುವಂಥದ್ದು ಯಾವುದು, ಹೋಲಿಸಿ ಹೇಳು ಎಂದಿರಿ. ಗುತ್ತಿಗೆ ನೌಕರಳಾದ ನನಗೆ ಅದು ದೊಡ್ಡ ಗೌರವ. ಆರು ವಾರ ಪರೀಕ್ಷಿಸಿದೆ. ಮೊದಲನೆಯದರಲ್ಲಿ ಪ್ರತಿ ಹಂತಕ್ಕೂ ಒಬ್ಬ ಮನುಷ್ಯನ ಹೆಸರು ಇರಬೇಕು; ಆತ ಮಾಡುವವರೆಗೆ ಕೆಲಸ ಅಲ್ಲೇ ನಿಲ್ಲುತ್ತದೆ, ತಡವಾದರೆ ಆತನ ಹೆಸರು ಕೆಂಪಾಗುತ್ತದೆ. ತಮ್ಮ ಹೆಸರು ಎರಡು ಸಲ ಕೆಂಪಾಯಿತು. ‘ಇದು ಬ್ಯಾಡವಾ, ತಗೀ’ ಎಂದಿರಿ. ಎರಡನೆಯದು ಅರ್ಜಿದಾರರಿಗೆ ಕನ್ನಡದಲ್ಲಿ ಕರೆ ಮಾಡುತ್ತಿತ್ತು. ಮೂರು ಸಲ ಎತ್ತದಿದ್ದರೆ ಆ ಊರಿನ ಆರೋಗ್ಯ ಕಾರ್ಯಕರ್ತೆಗೆ ‘ಮನೆಗೆ ಹೋಗಿ ನೋಡಿ’ ಎಂದು ತಿಳಿಸುತ್ತಿತ್ತು. ಅದರ ವರದಿಗಳು ಅಂದವಾಗಿರಲಿಲ್ಲ, ವೇಗವೂ ಕಡಿಮೆ. ನಾನೇ ಅಂಕ ಕಳೆದೆ. ಮೂರನೆಯದು ಸಂದೇಶ ಕಳಿಸುತ್ತದೆ, ಏಳು ದಿನ ಕಾಯುತ್ತದೆ, ಉತ್ತರ ಬಾರದಿದ್ದರೆ ಅರ್ಜಿಯನ್ನು ಮುಚ್ಚುತ್ತದೆ. ಉಪಕರಣ ಕೊಟ್ಟ ಅರ್ಜಿಗೂ ಹೀಗೆ ಮುಚ್ಚಿದ ಅರ್ಜಿಗೂ ಒಂದೇ ಹಸಿರು ಬಣ್ಣ. ಪರದೆ ನೋಡಲು ಎಷ್ಟು ತಂಪು! ನಾನು ಅದಕ್ಕೆ ಐವತ್ತಕ್ಕೆ ನಲವತ್ತೊಂದು ಅಂಕ ಕೊಟ್ಟೆ.

ಪ್ರಾತ್ಯಕ್ಷಿಕೆಯ ದಿನ ಆನಂದೀಬಾಯಿ ಒಂದೇ ಒಂದು ಪ್ರಶ್ನೆ ಕೇಳಿದರು, ತಮಗೆ ನೆನಪಿರಲಿಕ್ಕಿಲ್ಲ: ‘ಏಳ ದಿನದಾಗ ಉತ್ತರ ಬರಲಿಲ್ಲಂದ್ರ, ಯಾಕ ಬರಲಿಲ್ಲ ಅಂತ ಯಾರ ಕೇಳತಾರವಾ ಸುಮಯ್ಯಾ?’

‘ಯಾರೂ ಕೇಳಬೇಕಾಗಿಲ್ಲ ಬಾಯಾರ, ಅದಕ್ಕ ಆಟೋಮೇಶನ್ ಅಂತಾರ್ರಿ’ ಎಂದೆ ನಾನು. ಎಲ್ಲರೂ ನಕ್ಕರು. ತಾವೂ ನಕ್ಕಿರಿ. ಆ ನಗು ಈಗ ಮಟಮಟ ಮಧ್ಯಾಹ್ನ, ಜನರ ಗದ್ದಲದ ನಡುವೆಯೂ ನನಗೆ ಕೇಳಿಸುತ್ತದೆ.

ಪರಸವ್ವ ನಮ್ಮ ಕಚೇರಿಗೆ ಬಂದದ್ದು ಒಮ್ಮೆ ಮಾತ್ರ. ಎದೆ ಕೆಟ್ಟಿತ್ತು, ಮನೆಯಲ್ಲಿ ಆಮ್ಲಜನಕದ ಯಂತ್ರ ಇಡಲೇಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದರು. ಮಗಳು ಭಾಗ್ಯಾ ಊರಲ್ಲಿ ಕುಪ್ಪಸ ಹೊಲಿದು ಸಂಸಾರ ನಡೆಸುವವಳು. ತಾಯಿಯ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದಳು. ಹದಿನೆಂಟು ಮೆಟ್ಟಿಲಿಗೆ ಪರಸವ್ವ ಮೂರು ಕಡೆ ನಿಂತರು. ನನ್ನ ಮೇಜು ಮೆಟ್ಟಿಲ ಬದಿಗೇ ಇದೆ. ಕಾಣುವ ಮೊದಲೇ ಅವರ ಉಸಿರು ಕೇಳಿಸಿತ್ತು. ಅರ್ಜಿ ತುಂಬಿ, ಡಾಕ್ಟರ ಚೀಟಿಯ ಫೋಟೊ ಹಾಕಿಕೊಂಡು, 1174 ಎಂಬ ಸಂಖ್ಯೆ ಬರೆದುಕೊಟ್ಟೆ.

ಫೋಟೊ ಮಸುಕಾಗಿತ್ತು. ಮತ್ತೊಮ್ಮೆ ಕಳಿಸಿ ಎಂದು ತಂತ್ರಾಂಶ ಭಾಗ್ಯಾಳ ಫೋನಿಗೆ ಇಂಗ್ಲಿಷಿನಲ್ಲಿ ಸಂದೇಶ ಕಳಿಸಿತು. ಕನ್ನಡದ ಸಂದೇಶಗಳನ್ನು ನಾವೇ ಬರೆದು ಸೇರಿಸಬೇಕಿತ್ತು. ಎರಡನೇ ಹಂತದಲ್ಲಿ ನೋಡೋಣ ಎಂದು ಬಿಟ್ಟವಳೂ ನಾನೇ. ಭಾಗ್ಯಾ ಅದನ್ನು ಯಾವುದೋ ಕಂಪನಿಯ ಜಾಹೀರಾತು ಎಂದುಕೊಂಡಳು. ಏಳು ದಿನ ಕಳೆದವು. ಒಂಬತ್ತನೆಯ ದಿನ ಅವಳು ಬಂದು ನನ್ನ ಮೇಜಿನ ಮುಂದೆ ನಿಂತಳು.

‘ಅಕ್ಕಾರ, ಮಿಷನ್ ಯಾವಾಗ ಬರ್ತೈತ್ರಿ? ಅವ್ವಗ ಕುಂತ್ರೂ ದಮ್ಮು, ಮಲಗಿದ್ರೂ ದಮ್ಮು ಬರಾಕತ್ತೈತ್ರಿ.’

ಸಂಖ್ಯೆ ಒತ್ತಿದೆ. ಹಸಿರು ಬಂತು. ಕಾರಣವನ್ನು ತಿಳಿಯಲು ಕೆಳಗಿನ ಸಣ್ಣ ಗೆರೆಯೊಂದನ್ನು ಒತ್ತಿ ನೋಡಬೇಕಿತ್ತು. ಅವಳ ಹಿಂದೆ ಹದಿನೈದು ಜನ ಸರದಿಯಲ್ಲಿದ್ದರು.

‘ಹಸರ ಬಂದೈತಿ ನೋಡವಾ. ಕೆಲಸ ಆಗೈತಿ. ಎರಡ ಮೂರ ದಿನದಾಗ ಮನೀಗೇ ಬರ್ತೈತಿ, ನೀ ಆರಾಮ ಹೋಗು’ ಎಂದೆ.

‘ಹೌದೇನ್ರಿ? ದೇವರು ನಿಮ್ಮನ್ನ ಚಲೋ ಇಟ್ಟಿರ್ಲಿರಿ’ ಎಂದು ಅವಳು ಕೈಮುಗಿದು ಹೋದಳು. ಮಂಚದ ಪಕ್ಕ ಜಾಗ ಮಾಡಿ, ಯಂತ್ರಕ್ಕೆಂದು ಹೊಸ ಪ್ಲಗ್ ಕೂಡಿಸಿದಳಂತೆ. ಪರಸವ್ವ ಆ ಜಾಗದ ಕಡೆಗೇ ಮುಖ ಮಾಡಿ ಒರಗಿ ಕೂತಿರುತ್ತಿದ್ದರಂತೆ. ಆರನೆಯ ದಿನ, ಗುರುವಾರ ಮಧ್ಯಾಹ್ನ, ಹಾಗೆ ಕೂತಲ್ಲೇ ಹೋದರು. ಅಂದು ನಮ್ಮ ಉಗ್ರಾಣದಲ್ಲಿ ನಾಲ್ಕು ಯಂತ್ರಗಳು ಪ್ಲಾಸ್ಟಿಕ್ ಹೊದಿಕೆ ಸಹಿತ ಇದ್ದವು. ಆ ದಿನದ ದಾಸ್ತಾನಿನ ಲೆಕ್ಕವನ್ನು ಆಮೇಲೆ ತೆಗೆದು ನೋಡಿದ್ದೇನೆ.

ಇಷ್ಟು ನನಗೆ ತಿಳಿದದ್ದಾದರೂ ಹೇಗೆ? ತಂತ್ರಾಂಶದ ಕೃಪೆಯಿಂದಲೇ. ಅರ್ಜಿ ಇತ್ಯರ್ಥವಾದವರಿಗೆ ಹದಿನೈದು ದಿನಕ್ಕೊಮ್ಮೆ ‘ಸೇವೆ ತೃಪ್ತಿ ತಂದಿತೇ?’ ಎಂದು ಕೇಳುವ ಸಂದೇಶವೊಂದಿದೆ. ಅದೊಂದು ಮಾತ್ರ ಮೊದಲ ಹಂತದಲ್ಲೇ ಕನ್ನಡಕ್ಕೆ ಬಂದಿತ್ತು. ತಮಗೆ ಅಂಕಿಅಂಶ ಬೇಕಾಗಿತ್ತಲ್ಲ. ‘ಪ್ರಿಯ ಪರಸವ್ವ, ಈಗ ಹೇಗಿದ್ದೀರಿ?’ ಎಂದು ಅದು ಎರಡು ಸಲ ಕೇಳಿದ ಮೇಲೆ ಭಾಗ್ಯಾ ಮತ್ತೆ ಮೆಟ್ಟಿಲು ಹತ್ತಿ ಬಂದಳು.

‘ಅವ್ವ ತೀರಿಕೊಂಡಾಳ್ರಿ. ಅಕಿ ಹೆಸರೀಲೆ ಇನ್ನೂ ಮೆಸೇಜ್ ಬರಾಕತ್ತಾವ್ರಿ. ಅದನ್ನಷ್ಟ ನಿಲ್ಲಸ್ರಿ ಅಕ್ಕಾರ.’

ಆಗ ಆ ಸಣ್ಣ ಗೆರೆಯನ್ನು ಒತ್ತಿದೆ. ‘ಅರ್ಜಿದಾರರು ಆಸಕ್ತಿ ತೋರಿಸಿಲ್ಲ’ ಎಂದು ಇಂಗ್ಲಿಷಿನಲ್ಲಿತ್ತು. ಮುಚ್ಚಿಡಲು ಮನಸ್ಸಾಗಲಿಲ್ಲ, ಅವಳಿಗೆ ಓದಿ ಹೇಳಿದೆ. ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. ಪರದೆಯ ಹಸಿರನ್ನು ಬೆರಳಿಂದ ತೋರಿಸಿದಳು.

‘ನೀವು ಅವತ್ತ ಆಗಿಲ್ಲ ಅಂದಿದ್ರ, ನಾ ಬ್ಯಾರೆ ಕಡೆ ಓಡಾಡತಿದ್ದೆನ್ರಿ. ಯಾರದಾದ್ರೂ ಕಾಲು ಹಿಡೀತಿದ್ದೆ. ಆಗೈತಿ ಅಂದ್ರಿ. ಅದಕ್ಕ ಸುಮ್ಮನ ಕುಂತೆ’ ಎಂದಳು.

ಮಾನ್ಯರೇ, ಅಂದಿನಿಂದ ಯಾರೇ ಮೆಟ್ಟಿಲು ಹತ್ತಿದರೂ ನನ್ನ ಕೈ ನಿಲ್ಲುತ್ತದೆ. ಮೂರು ಕಡೆ ನಿಂತು ಹತ್ತುವ ಉಸಿರಿಗೆ ಕಿವಿಗೊಡುತ್ತೇನೆ. ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಅಮ್ಮ ಕಟ್ಟೆ ಹತ್ತಿದರೂ ಅದೇ. ಬೆಳಿಗ್ಗೆ ಪರದೆ ತೆರೆದರೆ ಬೆರಳು ತಾನಾಗಿ 1174 ಒತ್ತುತ್ತದೆ. ಆ ಸಂಖ್ಯೆ ದಿನವೂ ಹಸಿರಾಗಿಯೇ ಇರುತ್ತದೆ. ಕಳೆದ ತಿಂಗಳ ಸಭೆಯಲ್ಲಿ ತಾವು, ನೂರಕ್ಕೆ ತೊಂಬತ್ತೆಂಟು ಅರ್ಜಿ ಸಕಾಲದಲ್ಲಿ ಇತ್ಯರ್ಥ ಎಂದು ಹೇಳಿ ಚಪ್ಪಾಳೆ ತಟ್ಟಿಸಿದಿರಿ. ಆ ತೊಂಬತ್ತೆಂಟರೊಳಗೆ ಪರಸವ್ವನೂ ಇದ್ದರು. ಉಸಿರಿಗಾಗಿ ಯಂತ್ರ ಕೇಳಿದವರು ಆಸಕ್ತಿ ತೋರಿಸಲಿಲ್ಲವೆಂದು ಯಾವ ಅಧಿಕಾರಿ ತನ್ನ ಕೈಯಾರೆ ಬರೆದು ಸಹಿ ಹಾಕುತ್ತಿದ್ದ? ಹಾಕುವ ಕೈ ನಡುಗುತ್ತದೆ ಎಂದಲ್ಲವೇ, ನಾವು ಕೈ ಇಲ್ಲದ್ದನ್ನು ಆರಿಸಿಕೊಂಡದ್ದು?

ತಂತ್ರಾಂಶವೇ ಬೇಡ ಎನ್ನುವವಳು ನಾನಲ್ಲ. ಹೋಲಿಕೆ ತಪ್ಪಿತು, ಮತ್ತೆ ಹೋಲಿಸೋಣ. ಈ ಸಲ ಎಷ್ಟು ಬೇಗ ಮುಚ್ಚುತ್ತದೆ ಎಂದು ಕೇಳುವುದು ಬೇಡ. ಉತ್ತರ ಬಾರದಾಗ ಯಾರನ್ನು ಆ ಮನೆಗೆ ಕಳಿಸುತ್ತದೆ ಎಂದು ಕೇಳೋಣ. ಅಲ್ಲಿಯವರೆಗೆ ಮನುಷ್ಯರೊಬ್ಬರು ಹೆಸರು ಬರೆದು ಸಹಿ ಮಾಡದೆ ಒಂದು ಅರ್ಜಿಯೂ ಮುಚ್ಚಬಾರದು. ಪರಸವ್ವನ ಅರ್ಜಿಯ ಮೇಲೆ ‘ಕೊಡಲಿಲ್ಲ’ ಎಂದು ತಾವು ಬರೆಯಬೇಕು. ನನ್ನ ತಪ್ಪಿಗೆ ನನ್ನ ಮೇಲೆ ಯಾವ ಕ್ರಮವಾದರೂ ಆಗಲಿ.

ಇನ್ನೊಂದು ಮಾತು. ಹೀಗೆ ಮೌನದ ಕಾರಣಕ್ಕೆ ಮುಚ್ಚಿಹೋದ ಅರ್ಜಿಗಳು ಇನ್ನೂ ಇನ್ನೂರ ಹನ್ನೆರಡಿವೆ. ಪಟ್ಟಿ ತೆಗೆದುಕೊಂಡು, ಭಾನುವಾರಗಳಂದು ಆನಂದೀಬಾಯಿಯವರ ಜೊತೆ ಹೊರಟಿದ್ದೇನೆ. ಅರಕೇರಿ, ತಿಕೋಟಾ, ಬಬಲೇಶ್ವರ ಸೇರಿ ಹನ್ನೊಂದು ಬಾಗಿಲು ತಟ್ಟಿದೆವು. ಏಳು ಮನೆಗಳಲ್ಲಿ ಅರ್ಜಿದಾರರೇ ಓಗೊಟ್ಟರು. ನಾಲ್ಕರಲ್ಲಿ ಬೇರೆಯವರು ಬಾಗಿಲು ತೆರೆದು, ನಾವು ಹೆಸರು ಹೇಳಿದ ಕೂಡಲೇ ಗೋಡೆಯ ಮೇಲಿನ ಹಾರ ಹಾಕಿದ ಫೋಟೊ ತೋರಿಸಿದರು. ಮುಂದಿನ ಬಾಗಿಲು ತಟ್ಟಲು ನಮ್ಮಿಬ್ಬರಿಗೂ ಧೈರ್ಯ ಸಾಲುತ್ತಿಲ್ಲ. ಬರುವ ಭಾನುವಾರ ತಾವೂ ಬನ್ನಿ.

ಇಂತಿ, ಉತ್ತರಕ್ಕಾಗಿ ಏಳು ದಿನಕ್ಕಿಂತ ಹೆಚ್ಚು ಕಾಯಬಲ್ಲ,
ಸುಮಯ್ಯಾ
ಜೋರಾಪುರ ಪೇಟೆ, ವಿಜಯಪುರ