ಮಜ್ಜಿಗೆಯ ಕಬ್ಬಿಣ, ಮಾತ್ರೆಯ ಕಬ್ಬಿಣ

ಶಾಲೆಗಳಿಗೆ ಮಾತ್ರೆ ಕಳಿಸುವ ಸಾಹೇಬರೇ,

ನೀವು ಕೊಟ್ಟ ಮಾತಿಗೆ ತಪ್ಪಿದ್ದೀರಿ. ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ದೊಡ್ಡವ್ವ ಪಾರಮ್ಮ. ಹೋದ ಭಾನುವಾರ ಸಂಜೆ, ಓಣಿಯ ಹೆಂಗಸರ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ.

ಪಾರಮ್ಮನ ಮೊಮ್ಮಗಳು ಲಲಿತಾ ಆರನೆಯ ತರಗತಿ. ಚಿಕ್ಕಂದಿನಿಂದಲೂ ಬಿಳಿಚಿಕೊಂಡ ಮುಖ. ರಕ್ತ ಕಡಿಮೆ ಎಂದು ಪಾರಮ್ಮ ಹಳೆಯ ಕುಡಗೋಲನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ಮಜ್ಜಿಗೆಯಲ್ಲಿ ಅದ್ದಿ, ಆ ಮಜ್ಜಿಗೆ ಕುಡಿಸುತ್ತಿದ್ದಳು. ಹೋದ ವರ್ಷ ನಿಮ್ಮ ಶಿಬಿರದಲ್ಲಿ ರಕ್ತ ಪರೀಕ್ಷಿಸಿ ನೀವೇ ಹೇಳಿದಿರಿ: ಇದು ಥಲಸ್ಸೇಮಿಯಾ, ಅಪ್ಪ-ಅವ್ವ ಇಬ್ಬರಿಂದಲೂ ಬಂದ ವಂಶವಾಹಿಯ ದೋಷ. ಈ ಮೈಯಲ್ಲಿ ಕಬ್ಬಿಣ ತಾನಾಗಿಯೇ ಕೂಡಿಕೊಳ್ಳುತ್ತದೆ, ಮೇಲಿಂದ ಕೊಟ್ಟರೆ ಹೃದಯ, ಯಕೃತ್ತು ಕೆಡುತ್ತವೆ. ಬರೀ ಫೋಲಿಕ್ ವಿಟಮಿನ್ ಇರುವ ಮಾತ್ರೆಯನ್ನು ಶಾಲೆಗೆ ನಾನೇ ಕಳಿಸುತ್ತೇನೆ ಎಂದೂ ಮಾತು ಕೊಟ್ಟಿರಿ.

ಪಾರಮ್ಮ ಅಂದೇ ಕುಡಗೋಲನ್ನು ಅಟ್ಟಕ್ಕೆ ಎಸೆದಳು.

ಬಂದದ್ದೇನು? ಎಲ್ಲ ಮಕ್ಕಳಿಗೂ ಒಂದೇ ಮಾತ್ರೆ, ಕಬ್ಬಿಣವೂ ಫೋಲಿಕ್ಕೂ ಕೂಡಿದ್ದು. ಪ್ರತಿ ಸೋಮವಾರ ಬಿಸಿಯೂಟವಾದ ಮೇಲೆ ಶಿಕ್ಷಕಿಯ ಕಣ್ಣೆದುರೇ ನುಂಗಬೇಕು. "ನಂದು ಬ್ಯಾರೆ ಬರ್ತೈತ್ರಿ ಟೀಚರ್, ಸಾಹೇಬ್ರು ಹೇಳ್ಯಾರ" ಅಂದಳು ಲಲಿತಾ. ಶಿಕ್ಷಕಿ ನಿಮಗೇ ಫೋನ್ ಹಚ್ಚಿದರು. "ಎಲ್ಲರಿಗೂ ಒಂದೇ, ನುಂಗಿಸಿ" ಎಂದಿರಂತೆ. ಆಹಾ, ಎಂಥ ಸಮಾನತೆ! ಶಿಬಿರದಲ್ಲಿ ಮಾತಾಡಿದವರು ಯಾರು, ಫೋನಿನಲ್ಲಿ ಮಾತಾಡಿದವರು ಯಾರು? ಸಾಹೇಬರೇ ಹೇಳಿದ ಮೇಲೆ ಇದೇ ತನ್ನ ಮಾತ್ರೆ ಎಂದು ನಂಬಿ ಹುಡುಗಿ ವರ್ಷವಿಡೀ ನುಂಗಿದಳು, ಮನೆಯಲ್ಲೂ ಹೇಳಲಿಲ್ಲ. ಮೈಯಲ್ಲಿ ಕಬ್ಬಿಣ ಏರುತ್ತಿದೆ, ಏನು ಕೊಡುತ್ತಿದ್ದೀರಿ ಎಂದು ದೊಡ್ಡಾಸ್ಪತ್ರೆಯವರು ಗದರಿದಾಗಲೇ ಎಲ್ಲ ಹೊರಬಿತ್ತು.

"ಮುದುಕಿ, ಕದ್ದು ಮಜ್ಜಿಗಿ ಕುಡಿಸಿದೇನ ಮತ್ತ?" ಎಂದು ಮೆಣಸಿನಕಾಯಿ ಬಿಡಿಸುತ್ತಲೇ ನೆರೆಮನೆಯ ಮಾರೆವ್ವ ಕೆಣಕಿದಳು.

"ನಾ ಅಟ್ಟಕ್ಕ ಒಗದ ಕಬ್ಬಿಣಾನ ಅವ್ರು ಬೆಳ್ಳಿ ಹಾಳ್ಯಾಗ ಸುತ್ತಿ ಕಳಿಸ್ಯಾರವ್ವ" ಅಂದಳು ಪಾರಮ್ಮ. ಒಳಸಂಬಂಧದಲ್ಲಿ ಮದುವೆಯಾದವರ ಮಕ್ಕಳಿಗೆ ಈ ದೋಷ ಬರುವುದು ಹೆಚ್ಚು. ನಮ್ಮಲ್ಲಿ ಸೋದರಮಾವನನ್ನೇ ಮದುವೆಯಾಗದ ಮನೆ ಯಾವುದಿದೆ? ಒಬ್ಬೊಬ್ಬರೂ ತಮ್ಮ ಮಕ್ಕಳ ಮುಖ ನೋಡಿಕೊಂಡರು.

ನಾವು ಕೇಳುವುದಿಷ್ಟು: ಲಲಿತಾಳ ಮಾತ್ರೆ ಈ ವಾರವೇ ಬರಲಿ. ಊರಿನ ಎಲ್ಲ ಮಕ್ಕಳ ರಕ್ತದಲ್ಲಿ ಈ ದೋಷ ಇದೆಯೇ ನೋಡಿ. ಫೋನಿನಲ್ಲಿ ಆಡಿದ ಮಾತು ತಪ್ಪೆಂದು ಅದೇ ಶಾಲೆಯಲ್ಲಿ ನಿಂತು ಆ ಹುಡುಗಿಗೆ ಹೇಳಿ.

ಆ ಭಾನುವಾರದ ಮರುದಿನ ಬೆಳಿಗ್ಗೆಯೇ, ಮೆಣಸಿನಕಾಯಿಯ ಉರಿ ಇನ್ನೂ ಆರದ ಕೈಗಳಲ್ಲೇ ಆ ಹೆಂಗಸರೆಲ್ಲ ಶಾಲೆಗೆ ಹೋಗಿ ಲಲಿತಾಳ ಸುತ್ತ ಕೂತರು. ಬಿಸಿಯೂಟವಾಗಿ ಉಳಿದ ಮಕ್ಕಳು ಮಾತ್ರೆ ನುಂಗುವವರೆಗೂ ಯಾರೂ ಕದಲಲಿಲ್ಲ. ಲಲಿತಾಳ ಸರದಿ ಬಂದಾಗ ಮಾರೆವ್ವ ಅವಳ ಅಂಗೈಯನ್ನು ತನ್ನ ಅಂಗೈಯಿಂದ ಮುಚ್ಚಿದಳು.

ಇಂತಿ,
ನಿಮ್ಮ ಮಾತು ನಂಬಿ, ಅದನ್ನು ಓಣಿ ತುಂಬ ಹೊಗಳಿ ಹೇಳಿ ಬಂದಿದ್ದ
ಹುಲಿಗೇಶ