ದೆಲ್ಫಿನ್‌ನ ಅಂಚೆ ಚೀಲ

ಏಪ್ರಿಲ್ 27, 2020. ಬೆಳಿಗ್ಗೆ 6

ನಾಡಿ 60. ನನ್ನ ಗಂಡ ಪೊನ್ಸೊ ಎದ್ದ ಕೂಡಲೇ ಮೊದಲು ಇದು, ಆಮೇಲೆ ಕಾಫಿ. ಅವನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ, ಪೂರ್ತಿ ಒಂದು ನಿಮಿಷ. ದಿನಾ ಬರೆದಿಡಿ ಎಂದಿದ್ದಾರೆ ಡಾಕ್ಟರು. ಬರೆಯುತ್ತೇನೆ. ಪುಸ್ತಕ ತೆರೆದ ಮೇಲೆ ನನ್ನ ಸಿಟ್ಟನ್ನೂ ಬರೆಯುತ್ತೇನೆ. ಇದನ್ನು ಓದುವವರು ಯಾರಿದ್ದಾರೆ?

ಗಂಡನ ಎದೆಯೊಳಗಿನ ಪೇಸ್‌ಮೇಕರ್ ಹೊನೊಲುಲುವಿನಲ್ಲಿ ಹಾಕಿಸಿದ್ದು. ಹನ್ನೊಂದು ವರ್ಷವಾಯಿತು. ಬ್ಯಾಟರಿ ಸೆಪ್ಟೆಂಬರ್ ಕೊನೆಯವರೆಗೆ ಬಂದರೆ ಹೆಚ್ಚು. ನಾಡಿ ಅರವತ್ತಕ್ಕಿಂತ ಕೆಳಗೆ ಹೋದರೆ ತಡಮಾಡಬೇಡಿ ಎಂದಿದ್ದಾರೆ. ಅಲ್ಲೇ ಇದ್ದಿದ್ದರೆ ಅಮೆರಿಕದ ವಿಮೆ ಎಲ್ಲ ಕೊಡುತ್ತಿತ್ತು. ನಾವು ಎಂಟು ವರ್ಷದ ಹಿಂದೆ ಫಿಲಿಪ್ಪೀನ್ಸಿನ ಇಲೊಕೋಸಿಗೆ, ಹುಟ್ಟಿದೂರಿಗೆ ಬಂದುಬಿಟ್ಟೆವು. ಸಮುದ್ರ ದಾಟಿದವರ ಹೃದಯ ಆ ವಿಮೆಯ ಕಣ್ಣಿಗೆ ಹೃದಯವೇ ಅಲ್ಲ. ನಲವತ್ತು ವರ್ಷ ಅನಾನಸ್ ತೋಟದಲ್ಲಿ ಬೆನ್ನು ಬಗ್ಗಿಸಿದಾಗ ಮಾತ್ರ ಅದು ಹೃದಯವೇ ಆಗಿತ್ತು.

ಇಲ್ಲಿಯ ಆಸ್ಪತ್ರೆಗೆ ಪೂರ್ತಿ ಹಣ ಮುಂಗಡ ಕಟ್ಟಬೇಕು. ನಮ್ಮ ಉಳಿತಾಯಕ್ಕೆ ಅಮೆರಿಕದ ಕೊರೊನಾ ಪರಿಹಾರದ ಚೆಕ್ ಸೇರಿದರೆ ಆಗುತ್ತದೆ. ಸೇರದಿದ್ದರೆ ಇಲ್ಲ. ಚೆಕ್ ಹೊರಟಿದೆ ಎಂದು ರೇಡಿಯೊದವರು ಹೇಳಿ ಹತ್ತು ದಿನ. ಅಂಚೆಯ ದೆಲ್ಫಿನ್ ಬರುವುದು ಮಂಗಳವಾರ, ಶುಕ್ರವಾರ. ನಾಳೆ ಮಂಗಳವಾರ.

ಏಪ್ರಿಲ್ 28

ನಾಡಿ 60. ದೆಲ್ಫಿನ್ ಬಂದ. ಸೈಕಲ್ಲಿನಿಂದ ಇಳಿಯಲೂ ಇಲ್ಲ. "ಇನ್ನೂ ಬಂದಿಲ್ಲ ಹವಾಯಿ ಅಕ್ಕ" ಎಂದ, ಮಾಸ್ಕಿನ ಹಿಂದೆ ನಗುತ್ತಾ. ನಗುವಂಥದ್ದು ಏನಿತ್ತೋ.

ಮೇ 4. ಮಧ್ಯಾಹ್ನ

ನಾಡಿ 60. ಅಮೆರಿಕದ ಸಹಾಯವಾಣಿಗೆ ಫೋನ್. ಒಂದು ಗಂಟೆ ಐವತ್ತು ನಿಮಿಷ ಸಂಗೀತ. ನಡುನಡುವೆ ಒಬ್ಬಳು, ನಿಮ್ಮ ಕರೆ ನಮಗೆ ಮುಖ್ಯ ಎನ್ನುತ್ತಾಳೆ. ಕೊನೆಗೆ ಒಬ್ಬ ಸಿಕ್ಕಿದ. ಚೆಕ್ ಕಳಿಸಿಯಾಗಿದೆ ತಾಯಿ, ನಿಮ್ಮ ಸ್ಥಳೀಯ ಅಂಚೆಯವರನ್ನು ಕೇಳಿ ಎಂದ. ಫಿಲಿಪ್ಪೀನ್ಸ್ ಯಾವ ರಾಜ್ಯದಲ್ಲಿದೆ ಎಂದೂ ಕೇಳಿದ. ಫೋನ್ ಕುಕ್ಕಿದೆ. ಪೆಟ್ಟಾದದ್ದು ನಮ್ಮದೇ ಫೋನಿಗೆ.

ಮೇ 9

ನಾಡಿ 60. ಇವತ್ತು ಊರಿನವರಿಗೆಲ್ಲ ಅಕ್ಕಿ ಹಂಚಿದರು. ನಮ್ಮ ಮನೆ ಬಿಟ್ಟು.

ಹಂಚಿದ್ದು ಎಲ್ಲಿ? ರಸ್ತೆಬದಿಯ ಬಸ್ ತಂಗುದಾಣದಲ್ಲಿ. ಅದನ್ನು ಕಟ್ಟಿಸಿದ್ದು ನಾನು. 'ಶ್ರೀಮತಿ ಪುರಿಫಿಕಸಿಯೊನ್ ತಾಬಿಯೋಸ್, ಹೊನೊಲುಲು, ಹವಾಯಿ, ಇವರ ಕೊಡುಗೆ' ಎಂದು ನೀಲಿ ಅಕ್ಷರದಲ್ಲಿ ಬರೆಸಿದ್ದಾರೆ. ಆ ಅಕ್ಷರದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದ ಊರಿನ ಮುಖ್ಯಸ್ಥ, ಕ್ಯಾಪ್ಟನ್ ರುಫೊ. ನನ್ನ ತಮ್ಮನ ಮಗ. ಲಾಕ್‌ಡೌನ್, ಅರವತ್ತು ದಾಟಿದವರು ಮನೆ ಬಿಡುವಂತಿಲ್ಲ, ಅದಕ್ಕೆ ಫೋನ್ ಮಾಡಿ ಕೇಳಿದೆ.

"ಅತ್ತೆ, ನಿಮಗೆ ಡಾಲರ್ ಬರ್ತಿದೆಯಲ್ಲ. ಜನ ಏನಂದಾರು?" ಎಂದ.

"ಬಂದಿಲ್ಲ ಕಣೋ."

"ಬರುತ್ತಲ್ಲ."

ಅಮೆರಿಕಕ್ಕೆ ನಾವು ದೂರದವರು. ಇವರಿಗೆ ನಾವು ಅಮೆರಿಕದವರು. ಅಕ್ಕಿ ಬೇಡ ನನಗೆ. ಮನೆಯಲ್ಲಿ ಅಕ್ಕಿ ಇದೆ. ಪಟ್ಟಿಯಲ್ಲಿ ಹೆಸರು ಬೇಕಿತ್ತು.

ಮೇ 22

ನಾಡಿ 60. ಪಕ್ಕದೂರಿನ ಸಿಮಿಯೊನ್‌ಗೆ ಚೆಕ್ ಬಂದಿದೆಯಂತೆ! ಅವನೂ ನಮ್ಮ ಹಾಗೆ ಹವಾಯಿಯಿಂದ ಬಂದವನೇ. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ಆಡು ಕಡಿದು ಬೀದಿಗೆಲ್ಲ ಹಂಚಿದನಂತೆ. ಪಕ್ಕದ ಅಂಗಡಿಯ ಚಾರಿಂಗ್ ಗೋಡೆಯಾಚೆಯಿಂದ ಕೂಗಿ ಹೇಳಿದಳು. ಹೇಳಿ, ನಮ್ಮ ಪಾಲಿನ ಊಟ ಯಾವಾಗ ಅಕ್ಕ, ಎಂದಳು. ಚೆಕ್ ಕಾಣುವ ಮೊದಲೇ ಅದರ ಆಡು ತಿನ್ನಲು ಜನ ತಟ್ಟೆ ತೊಳೆದಿಟ್ಟುಕೊಂಡಿದ್ದಾರೆ.

ಅದೇ ಸರ್ಕಾರ. ಅದೇ ವಿಮಾನ. ಸಿಮಿಯೊನ್‌ನದು ಬಂತು, ನಮ್ಮದು ಬರಲಿಲ್ಲ. ಆ ಊರಿನ ಅಂಚೆಯವನು ಬೇರೆ. ಇದನ್ನು ಯೋಚಿಸಬೇಕು.

ಜೂನ್ 2. ಬೆಳಿಗ್ಗೆ 11

ನಾಡಿ 60.

ದೆಲ್ಫಿನ್‌ನ ಮನೆಗೆ ಹೊಸ ತಗಡಿನ ಮಾಡು! ನಮ್ಮ ಮಹಡಿ ಕಿಟಕಿಯಿಂದ ಕಾಣುತ್ತದೆ, ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಎಂಟು ವರ್ಷದಿಂದ ನಾನು ಕಂಡಂತೆ ಟಾರ್ಪಾಲು ಹೊದೆಸಿದ್ದ ಮನೆ ಅದು. ಊರಿಗೆ ಊರೇ ಕೆಲಸವಿಲ್ಲದೆ ಕೂತಿರುವಾಗ ಅಂಚೆಯವನಿಗೆ ತಗಡು ಎಲ್ಲಿಂದ ಬಂತು?

ಗೇಟಿನಲ್ಲಿ ನಿಲ್ಲಿಸಿದೆ. ಚೀಲ ಬಿಚ್ಚು ಎಂದೆ. ಬಿಚ್ಚು ಎಂದೆ ಮತ್ತೆ. ಬಿಚ್ಚಿದ. ಒಂದೊಂದೇ ಕಾಗದ ತೆಗೆದು ನಮ್ಮ ಗೋಡೆಯ ಮೇಲಿಟ್ಟ. ಕರೆಂಟ್ ಬಿಲ್ಲು, ಕೋರ್ಟಿನ ನೋಟೀಸು, ಯಾರದೋ ಮದುವೆಯ ಫೋಟೊ. ನಮ್ಮದಿರಲಿಲ್ಲ. ಚಾರಿಂಗ್ ನೋಡುತ್ತಿದ್ದಳು. ಎದುರುಮನೆಯವರೂ ನೋಡುತ್ತಿದ್ದರು. ನೋಡಲಿ.

ಎಲ್ಲ ವಾಪಸ್ ತುಂಬಿಕೊಂಡು, "ಬಂದ ದಿನ ಮೊದಲು ನಿಮ್ಮ ಮನೆಗೇ ತರ್ತೀನಿ ಅಕ್ಕ" ಎಂದ. ನಗಲಿಲ್ಲ ಇವತ್ತು.

ಜೂನ್ 4. ರಾತ್ರಿ ಊಟದ ನಂತರ

ನಾಡಿ 59. ಮೊದಲ ಸಲ. ಎರಡು ಸಲ ಎಣಿಸಿದೆ.

ದೆಲ್ಫಿನ್ ಮೇಲೆ ದೂರು ಬರೆದೆ. ಹೊನೊಲುಲುವಿನ ವೈಕೀಕಿಯ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ಕೋಣೆ ತೊಳೆದವಳಿಗೆ ದೂರು ಹೇಗಿರಬೇಕೆಂದು ಗೊತ್ತು. ಪ್ರತಿ ಕೋಣೆಯಲ್ಲೂ ಅದಕ್ಕೊಂದು ಕಾರ್ಡು ಇರುತ್ತಿತ್ತು. ದಿನಾಂಕ, ವೇಳೆ, ಹೆಸರು, ಏನಾಯಿತು. ಅಳು ಬೇಡ. ಮೂರು ಪ್ರತಿ: ಪಟ್ಟಣದ ಅಂಚೆ ಕಚೇರಿಗೊಂದು, ಅವರ ಮೇಲಿನವರಿಗೊಂದು, ಮೇಯರ್‌ಗೊಂದು. ರುಫೊನ ಜೀಪಿನಲ್ಲಿ ಕಳಿಸುತ್ತೇನೆ. ಅಕ್ಕಿಯಂತೂ ಕೊಡಲಿಲ್ಲ, ಇದನ್ನಾದರೂ ಮುಟ್ಟಿಸಲಿ.

ಪೊನ್ಸೊ ಓದಿಸಿ ಕೇಳಿದ. "ಕಿವಿಯೋಲೆ ಮರೆತುಬಿಟ್ಯಾ, ಪುರಿಂಗ್?" ಎಂದ.

ಮರೆಯುವುದು ಹೇಗೆ? ತೊಂಬತ್ತಮೂರನೇ ಇಸವಿ, ಕೋಣೆ 1412. ಒಬ್ಬಾಕೆ ಮುತ್ತಿನ ಓಲೆ ಕಾಣುತ್ತಿಲ್ಲ ಎಂದು ಕಾರ್ಡು ಬರೆದಳು. ನನ್ನನ್ನು ಮನೆಗೆ ಕಳಿಸಿದರು, ಒಂಬತ್ತು ದಿನ. ಬಸ್ಸಿನಲ್ಲಿ ನಮ್ಮೂರಿನವರೇ ನನ್ನ ಪಕ್ಕ ಕೂರುತ್ತಿರಲಿಲ್ಲ. ಓಲೆ ಅವಳದೇ ಶೂವಿನ ತುದಿಯೊಳಗೆ ಸಿಕ್ಕಿತು. ಮ್ಯಾನೇಜರ್ ಫೋನ್ ಮಾಡಿ, ನಾಳೆಯಿಂದ ಬಾ ಎಂದ. ಅಷ್ಟೇ. ತಪ್ಪಾಯಿತು ಎನ್ನುವ ಒಂದು ಮಾತಿಗೆ ಹದಿನೆಂಟು ವರ್ಷ ಅದೇ ಹೋಟೆಲಿನಲ್ಲಿ ಕಾದೆ. ಯಾರೂ ಹೇಳಲಿಲ್ಲ.

"ಅದು ಬೇರೆ, ಇದು ಬೇರೆ. ನಾನು ಕದ್ದಿರಲಿಲ್ಲ," ಎಂದೆ.

"ಇವನು ಕದ್ದಿದ್ದಾನೆ ಅಂತ ನಿಂಗೆ ಯಾರು ಹೇಳಿದ್ರು?"

ನಾನು ಇದೆಲ್ಲ ಮಾಡುತ್ತಿರುವುದು ಯಾರ ಎದೆಗಾಗಿ? ನಾಳೆ ಅವನ ನುಗ್ಗೆಸೊಪ್ಪಿನ ಸಾರಿಗೆ ಉಪ್ಪು ಹಾಕುವುದಿಲ್ಲ.

ಜೂನ್ 9

ನಾಡಿ 59. ಮಂಗಳವಾರ, ದೆಲ್ಫಿನ್ ಬರಲಿಲ್ಲ. ರಸ್ತೆಯಲ್ಲೇ, ಹುಣಸೆಮರದ ಹತ್ತಿರ ನಿಲ್ಲಿಸಿ, ಪಟ್ಟಣದ ಅಂಚೆ ಕಚೇರಿಯಿಂದ ಬಂದವರು ಚೀಲ ಕಿತ್ತುಕೊಂಡರಂತೆ. ಅರಗಿನ ಮುದ್ರೆ ಒತ್ತಿ ತೆಗೆದುಕೊಂಡು ಹೋದರಂತೆ. ತನಿಖೆ ಮುಗಿಯುವವರೆಗೆ ಕೆಲಸವಿಲ್ಲ.

ಈ ಎಂಟು ವರ್ಷದಲ್ಲಿ ನನ್ನ ಮಾತು ಯಾರಾದರೂ ಕೇಳಿದ್ದು ಇದೇ ಮೊದಲು. ಕಾಫಿ ಎರಡು ಲೋಟ ಕುಡಿದೆ.

ಜೂನ್ 11. ಸಂಜೆ 5

ನಾಡಿ 59. ದೆಲ್ಫಿನ್ ಗೇಟಿಗೆ ಬಂದಿದ್ದ. ಖಾಕಿ ಇಲ್ಲ, ಬನಿಯನ್ನು. ಸೈಕಲ್ಲೂ ಇಲ್ಲ. ಕೂಗಿದ. ನಾನು ಹೋಗಲಿಲ್ಲ. ದೂರು ವಾಪಸ್ ತೆಗೆದುಕೊಳ್ಳಿ ಎಂದು ಕಾಲು ಹಿಡಿಯಲು ಬಂದಿದ್ದಾನೆ, ಗೊತ್ತಿಲ್ಲವೇ?

ಮತ್ತೆ ಮತ್ತೆ ಕೂಗಿದ. ರೇಡಿಯೊ ಜೋರು ಮಾಡಿದೆ.

"ಅದೇನೋ ಕಾಗದ ಅಂತಿದ್ದಾನೆ ಕಣೇ," ಎಂದ ಪೊನ್ಸೊ. "ಗೇಟ್ ತೆಗಿ. ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

ನಾಟಕ ಎಂದೆ. ಇನ್ನೂ ಜೋರು ಮಾಡಿದೆ. ಕಾಲು ಗಂಟೆ ನಿಂತಿದ್ದು ಹೋದ. ಪೊನ್ಸೊ ಕುರ್ಚಿ ತಿರುಗಿಸಿಕೊಂಡು ಕೂತ. ಕೂರಲಿ.

ಜುಲೈ 14

ನಾಡಿ 56.

ಒಂದು ತಿಂಗಳಿಂದ ಈ ಊರಿಗೆ ಅಂಚೆಯೇ ಇಲ್ಲ. ಬೇರೆಯವನನ್ನು ಹಾಕಿಲ್ಲ. ಬೇಕಾದವರು ಪಟ್ಟಣಕ್ಕೆ ಬನ್ನಿ ಎನ್ನುತ್ತಾರೆ. ಮುದುಕರು ಹೋಗುವಂತಿಲ್ಲ, ಬಸ್ಸೂ ಇಲ್ಲ. ರುಫೊನನ್ನು ಕಳಿಸಿದೆ. ತಾಬಿಯೋಸ್ ಹೆಸರಿನಲ್ಲಿ ಕಪಾಟಿನಲ್ಲಿ ಏನೂ ಇಲ್ಲ ಎಂದರಂತೆ.

ಚಾರಿಂಗ್‌ಳ ಮಗಳ ಶಾಲೆಯ ಕಾಗದ ಬಂದಿಲ್ಲ. ಎದುರುಮನೆಯ ಅಜ್ಜನ ಔಷಧಿ ಬಂದಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಾರೆ. ಚಾರಿಂಗ್ ಇವತ್ತು ಗೋಡೆಯ ಮೇಲಿಂದ ಉಪ್ಪು ಕೊಡುವಾಗ ನನಗೆ ಕೇಳುವ ಹಾಗೆ ಇನ್ನೊಬ್ಬಳಿಗೆ ಹೇಳಿದಳು: ದೆಲ್ಫಿನ್‌ನ ಹೆಂಡತಿ ಎರಡು ವರ್ಷ ಸಾಕಿದ ಹಂದಿಗಳನ್ನು ಮಾರಿ ತಗಡು ತಂದಿದ್ದಂತೆ. ಹಂದಿ ಕೊಂಡವನು ಚಾರಿಂಗ್‌ಳ ಗಂಡನೇ.

ಹಾಗಿದ್ದರೆ ಮೊದಲೇ ಹೇಳಬಾರದಿತ್ತೇ? ನಾನು ಚೀಲ ಬಿಚ್ಚಿಸುವಾಗ ಬಾಯಿಗೆ ಬೀಗ ಹಾಕಿಕೊಂಡು ನೋಡುತ್ತಾ ನಿಂತಿದ್ದವಳು ಇವಳೇ ಅಲ್ಲವೇ?

ತಗಡು ಹಂದಿಯದಾದರೆ ಚೆಕ್ ಎಲ್ಲಿ?

ಜುಲೈ 30

ನಾಡಿ 55. ಪೊನ್ಸೊ ಮೆಟ್ಟಿಲು ಹತ್ತುತ್ತಾ ನಡುವೆ ಕೂತ. ಗಾಳಿ ಚೆನ್ನಾಗಿದೆ, ಅದಕ್ಕೆ ಕೂತೆ ಎಂದ. ಆ ಮೆಟ್ಟಿಲಿಗೆ ಯಾವ ಗಾಳಿಯೂ ಬರುವುದಿಲ್ಲ.

ಆಗಸ್ಟ್ 21. ಸಂಜೆ

ನಾಡಿ 52.

ಬರೆಯಲೇಬೇಕು. ಇದನ್ನು ಬರೆಯದಿದ್ದರೆ ಇಷ್ಟು ದಿನ ಬರೆದಿದ್ದೆಲ್ಲ ಸುಳ್ಳಾಗುತ್ತದೆ.

ಮಧ್ಯಾಹ್ನ ಜೀಪು ಬಂತು. ಅಂಚೆಯ ತನಿಖೆಯ ಅಧಿಕಾರಿ, ಕನ್ನಡಕದವನು, ನಿಧಾನದ ಮಾತು. ಕೈಯಲ್ಲಿ ಫೈಲು. ಚೀಲದ ಮುದ್ರೆಯನ್ನು ನಿನ್ನೆ ಸಾಕ್ಷಿಗಳ ಮುಂದೆ ಒಡೆದರಂತೆ. ಒಂದು ಕಾಗದವೂ ಕಡಿಮೆ ಇಲ್ಲ. ದೆಲ್ಫಿನ್ ತಪ್ಪಿತಸ್ಥನಲ್ಲ. ಇಲ್ಲಿ ಸಹಿ ಹಾಕಿ.

ಹಾಕಿದೆ. ಒಂದು ಲಕೋಟೆ ಕೊಟ್ಟ. ಅಮೆರಿಕ ಸರ್ಕಾರದ್ದು. ನಮ್ಮಿಬ್ಬರ ಹೆಸರು. ಪಟ್ಟಣದ ಅಂಚೆಯ ಮುದ್ರೆ ಜೂನ್ 8.

ಜೂನ್ 8 ಸೋಮವಾರ. ಮಂಗಳವಾರ ಬೆಳಿಗ್ಗೆ ಅವನು ಅದನ್ನು ಹೊತ್ತು ಬರುತ್ತಿದ್ದ. ಹುಣಸೆಮರದಿಂದ ನಮ್ಮ ಗೇಟಿಗೆ ಹತ್ತು ನಿಮಿಷದ ದಾರಿ.

ಎರಡೂವರೆ ತಿಂಗಳು ಒಂದು ಚೀಲ ಬಿಚ್ಚಲು ಬೇಕಾಯಿತೇ ನಿಮಗೆ ಎಂದು ಕಿರುಚಿದೆ. ಒಬ್ಬ ಮನುಷ್ಯ ಸಾಯುತ್ತಿದ್ದಾನೆ ಈ ಮನೆಯಲ್ಲಿ ಎಂದೆ. ಅವನು ಫೈಲಿನ ಹಾಳೆ ತಿರುಗಿಸಿದ.

"ಅಮ್ಮಾ, ದೂರು ವಾಪಸ್ ತಗೊಂಡಿದ್ರೆ ಮಾರನೇ ದಿನವೇ ಬಿಚ್ಚೋರು. ಅದನ್ನ ಹೇಳೋಕೆ ಅವನು ಜೂನ್ ಹನ್ನೊಂದಕ್ಕೆ ನಿಮ್ಮ ಮನೆಗೆ ಬಂದಿದ್ದ. ಚೆಕ್ ಚೀಲದಲ್ಲಿದೆ ಅಂತ ಗೇಟಲ್ಲಿ ನಿಂತು ಕೂಗಿದ್ನಂತೆ. ನೀವು ರೇಡಿಯೊ ಜೋರು ಮಾಡಿದ್ರಿ. ಅವನ ಹೇಳಿಕೆಯಲ್ಲಿದೆ."

ಪೊನ್ಸೊ ಕುರ್ಚಿಯಲ್ಲಿದ್ದ. ನನ್ನ ಮುಖ ನೋಡಲಿಲ್ಲ. ಒಂದು ಮಾತು ಬೈದಿದ್ದರೂ ಸಾಕಿತ್ತು.

ಬ್ಯಾಂಕಿಗೆ ಫೋನ್ ಮಾಡಿದೆ. ಹೊರದೇಶದ ಚೆಕ್, ಹಣ ಕೈಗೆ ಬರಲು ಆರು ವಾರ. ಅಂದರೆ ಅಕ್ಟೋಬರ್. ಡಾಕ್ಟರು ಹೇಳಿದ್ದು ಸೆಪ್ಟೆಂಬರ್. ಜೂನಿನಲ್ಲಿ ಬಂದಿದ್ದರೆ ಜುಲೈ ಕೊನೆಗೆ ಹೊಸ ಬ್ಯಾಟರಿ ಎದೆಯಲ್ಲಿರುತ್ತಿತ್ತು.

ಅಮೆರಿಕವನ್ನು ಬೈದೆ, ರುಫೊನನ್ನು ಬೈದೆ, ಚಾರಿಂಗ್‌ಳನ್ನು ಬೈದೆ. ಬೈಯಲು ಇನ್ನು ಯಾರೂ ಉಳಿದಿಲ್ಲ. ಈ ಕೈ, ಮೂರು ಪ್ರತಿ ಬರೆದ ಈ ಕೈ.

ದೆಲ್ಫಿನ್ ಕೆಲಸಕ್ಕೆ ವಾಪಸ್ ಬರುತ್ತಾನಾ ಎಂದು ಅಧಿಕಾರಿಯನ್ನು ಕೇಳಿದ್ದೆ. ಬರಲ್ಲ ಎಂದನಂತೆ. ಯಾರ ಗೇಟಿನ ಮುಂದೆಯೂ ಇನ್ನು ಚೀಲ ಬಿಚ್ಚಲ್ಲ ಎಂದನಂತೆ. ಸೈಕಲ್ ಮಾರಿದ್ದಾನೆ. ಕೂಲಿಗೆ ಭತ್ತದ ನಾಟಿಗೆ ಹೋಗುತ್ತಿದ್ದಾನೆ.

ಆಗಸ್ಟ್ 22. ಬೆಳಿಗ್ಗೆ 9

ನಾಡಿ 52. ಇಳಿದಿಲ್ಲ. ಸೋಮವಾರ ರುಫೊ ಬಂದು ಚೆಕ್ಕನ್ನು ಬ್ಯಾಂಕಿಗೆ ಒಯ್ಯುತ್ತಾನೆ. ಉಳಿದ ಹಣಕ್ಕೆ ತಾನು ಜಾಮೀನು ನಿಲ್ಲುತ್ತೇನೆ, ಆಸ್ಪತ್ರೆಯವರ ಹತ್ತಿರ ಮಾತಾಡುತ್ತೇನೆ ಎಂದಿದ್ದಾನೆ, ಕೇಳದೆಯೇ. ಅವರು ಒಪ್ಪುತ್ತಾರೋ ಇಲ್ಲವೋ.

ಬೆಳಕು ಹರಿಯುವಾಗಲೇ ಹೊರಟಿದ್ದೆ. ಅರವತ್ತು ದಾಟಿದವರು ಬೀದಿಗಿಳಿದರೆ ದಂಡ. ಹಾಕಲಿ. "ಹೋಗಿ ಬಾ, ಅಷ್ಟರಲ್ಲಿ ನಾನೇನು ಸಾಯಲ್ಲ," ಎಂದ ಪೊನ್ಸೊ. ನಿನ್ನೆಯಿಂದ ಅವನಾಡಿದ ಮೊದಲ ಮಾತು.

ಕೈಯಲ್ಲಿ ಏನೂ ಒಯ್ಯಲಿಲ್ಲ. ಹೊರಡುವಾಗ ಹವಾಯಿಯ ಮಾಂಸದ ಡಬ್ಬಿ ಎರಡು ಚೀಲಕ್ಕೆ ಹಾಕಿದ್ದೆ. ನಮ್ಮ ಗೇಟಿನ ಹತ್ತಿರ ನನಗೇ ಹೇಸಿಗೆಯಾಗಿ ತೆಗೆದಿಟ್ಟೆ.

ತಗಡಿನ ಮನೆ. ಬಿದಿರಿನ ಗೇಟು, ಒಳಗಿನಿಂದ ಹಗ್ಗ ಕಟ್ಟಿತ್ತು. ದೆಲ್ಫಿನ್, ಎಂದು ಕೂಗಿದೆ. ಒಳಗೆ ರೇಡಿಯೊ ಇತ್ತು. ಬಾಗಿಲ ಸಂದಿಯಲ್ಲಿ ಅವನ ಹೆಂಡತಿಯ ಮುಖ ಕಾಣಿಸಿ ಮರೆಯಾಯಿತು. ರೇಡಿಯೊ ಜೋರಾಗುತ್ತದೆ ಎಂದುಕೊಂಡೆ. ಆಗಲಿ, ಕಾಲು ಗಂಟೆ ನಿಲ್ಲುತ್ತೇನೆ, ಇಡೀ ದಿನ ನಿಲ್ಲುತ್ತೇನೆ ಎಂದು ಗೇಟಿನ ಬಿದಿರು ಹಿಡಿದುಕೊಂಡೆ.

ರೇಡಿಯೊ ನಿಂತಿತು.

ಯಾರೂ ಹೊರಗೆ ಬರಲಿಲ್ಲ. ಆದರೆ ಕೇಳಿಸಿಕೊಳ್ಳುತ್ತಿದ್ದರು, ಮನೆಯೊಳಗಿದ್ದವರೆಲ್ಲ. ಯಾವ ಮಾತು ಹೇಳಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ? ಹದಿನೆಂಟು ವರ್ಷ ಆ ಒಂದು ಮಾತಿಗೇ ಕಾದವಳು ನಾನು. ಬಾಯಿ ತೆರೆದೆ. ದೆಲ್ಫಿನ್, ತಮ್ಮಾ, ಎಂದೆ. ಆಮೇಲೆ, ತಪ್ಪಾಯಿತು, ಎಂದೆ.