ಇಗರ್ಜಿಯ ಮೆಟ್ಟಿಲ ಮೇಲೆ ಹಾಡುತ್ತಿದ್ದವನು

ಕುಲ್ಮ್‌ಬಾಖ್
ಸೋಮವಾರ, 13 ಡಿಸೆಂಬರ್ 1976

ಮುದ್ದು ಮಗ ಗೆರ್ನೋಟ್,

ನಿನ್ನ ಕಿವಿನೋವು ಹೇಗಿದೆ? ಹಡಗಿನ ಎಂಜಿನ್ ಸದ್ದಿಗೆ ಹತ್ತಿಯನ್ನಾದರೂ ತುರುಕಿಕೊಳ್ಳುತ್ತೀಯೋ ಇಲ್ಲವೋ, ನಿನ್ನನ್ನು ನಂಬುವ ಹಾಗಿಲ್ಲ. ನನ್ನ ಮಂಡಿ ಎಂದಿನಂತೆ ಹಿಮ ಬೀಳುವ ಮೊದಲೇ ಸುದ್ದಿ ಕೊಡುತ್ತಿದೆ, ಅಷ್ಟೆ. ನೀನು ಹ್ಯಾಂಬರ್ಗಿನಲ್ಲಿ ಇಳಿಯುವಾಗ ಈ ಕಾಗದ ಬಂದರಿನ ಕಚೇರಿಯಲ್ಲಿ ಕಾದಿರುತ್ತದೆ. ಕುಳಿತು ಓದು. ಇದು ನಿನ್ನ ಗೆಳೆಯ ಫೋಲ್ಕ್‌ಮಾರನ ವಿಷಯ. ಅವನನ್ನು ನಿನ್ನ ತಂಗಿ ರೋಸ್ವಿತಾಳಿಗೆ ಪರಿಚಯಿಸಿದವನು ನೀನೇ, ಅದಕ್ಕೇ ನನ್ನ ಮೇಲೆ ಸಿಟ್ಟು ಬಂದರೂ ಕೊನೆಯವರೆಗೂ ಓದು.

ಬೇಸಿಗೆಯಿಂದೀಚೆ ರೋಸ್ವಿತಾ ಊರಿನ ಕಡೆ ತಲೆ ಹಾಕಿರಲಿಲ್ಲ. ಫೋನ್ ಮಾಡಿದಾಗಲೆಲ್ಲ ಅವನೇ ಎತ್ತಿ, “ನೆಗಡಿ ಅತ್ತೆ, ಈಗಷ್ಟೇ ಮಲಗಿದ್ಲು” ಎನ್ನುತ್ತಿದ್ದ. ಆರು ತಿಂಗಳು ಬಿಡದ ನೆಗಡಿ ಎಲ್ಲಾದರೂ ಉಂಟೆ? ಮೊನ್ನೆ ಶನಿವಾರ ಹೇಳದೆ ಕೇಳದೆ ನ್ಯೂರೆಂಬರ್ಗಿನ ರೈಲು ಹತ್ತಿದೆ. ಬಾಗಿಲು ತೆರೆದವನು ಒಂದು ಗಳಿಗೆ ನಾನು ಯಾರೋ ಎಂಬಂತೆ ನೋಡಿದ. ಆಮೇಲೆ ಅಪ್ಪಿಕೊಂಡು, “ಕ್ರಿಸ್‌ಮಸ್ ಸಂತೆಗೆ ಬಂದ್ರಾ? ನಡೀರಿ, ನಾನೇ ಕರ್ಕೊಂಡು ಹೋಗ್ತೀನಿ” ಎಂದ. ಒಳಗೆ ಬೀಗ ತಿರುಗಿದ ಸದ್ದಾಯಿತು. ಅವಳ ಕೋಟು, ಬೂಟುಗಳನ್ನು ಅವನೇ ತಂದು ಅವಳ ಮುಂದಿಟ್ಟ. ರೋಸ್ವಿತಾ ತೊಟ್ಟುಕೊಂಡಳು. ಎಷ್ಟು ಇಳಿದುಹೋಗಿದ್ದಾಳೆ, ಗೆರ್ನೋಟ್. ಕೋಟು ಹ್ಯಾಂಗರಿಗೆ ನೇತುಹಾಕಿದ ಹಾಗಿತ್ತು.

ಸಂತೆ ಎಂದಿನಂತೆಯೇ ಇತ್ತು. ಕೆಂಪು ಬಿಳಿ ಪಟ್ಟೆಯ ಅಂಗಡಿಗಳು, ಒಣ ಪ್ಲಮ್ಮಿನ ಗೊಂಬೆಗಳು, ಬಿಸಿ ವೈನಿನ ಘಾಟು. ಹೆಜ್ಜೆಗೊಬ್ಬರು ಅವನನ್ನು ನಿಲ್ಲಿಸಿ ಮಾತಾಡಿಸುವವರೇ. ಊರಿಗೆಲ್ಲ ಬೇಕಾದ ಹಲ್ಲಿನ ಡಾಕ್ಟರಲ್ಲವೇ! ಅವಳ ಮೊಣಕೈ ಮಾತ್ರ ಬಿಡಲಿಲ್ಲ. ಸಾಸೇಜ್ ಸುಡುತ್ತಿದ್ದ ಹೆಂಗಸು, “ಏನ್ ಡಾಕ್ಟ್ರೇ, ಬಿಟ್ರೆ ಹೆಂಡ್ತಿ ಓಡಿಹೋಗ್ತಾಳಾ?” ಎಂದು ಚುಡಾಯಿಸಿದಳು. “ಎಲ್ಲಿಗೆ ಓಡ್ತಾಳೆ? ಚಳಿ ಹೆಂಗಿದೆ ನೋಡಿ” ಎಂದ ಅವನು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಅಷ್ಟರಲ್ಲಿ ಮರಿಯಮ್ಮನ ಇಗರ್ಜಿಯ ಗಂಟೆಗಳು ಮೊಳಗಿದವು. ಪಕ್ಕದವರ ಮಾತು ಪಕ್ಕದವರಿಗೆ ಕೇಳದಷ್ಟು ಸದ್ದು. ರೋಸ್ವಿತಾ ಗೊಂಬೆ ನೋಡುವವಳಂತೆ ಬಾಗಿ ನನ್ನ ಕಿವಿಯಲ್ಲಿ, “ಅಮ್ಮಾ, ಕೋಟು, ಬೂಟು ಎಲ್ಲಾ ಬೀರುವಿನಲ್ಲಿಟ್ಟು ಬೀಗ ಹಾಕ್ತಾನೆ. ಹೊರಗೆ ಕಾಲಿಟ್ಟು ಎಷ್ಟು ದಿನ ಆಯ್ತೋ ಗೊತ್ತಿಲ್ಲ. ಇವತ್ತು ನೀನು ಬಂದಿದ್ದಕ್ಕೆ ಕೊಟ್ಟ” ಎಂದಳು. ಗಂಟೆ ನಿಂತಿತು, ಅವಳ ಮಾತೂ ನಿಂತಿತು.

ಸಂಜೆ ಅವನ ಗಾಯನ ಮಂಡಳಿ ಇಗರ್ಜಿಯ ಮೆಟ್ಟಿಲ ಮೇಲೆ ಹಾಡುವುದಿತ್ತು. ನಮ್ಮನ್ನು ಎದುರಿಗೇ ನಿಲ್ಲಿಸಿ, “ಇಲ್ಲೇ ಇರಿ, ನನಗೆ ಕಾಣ್ತಿರಬೇಕು” ಎಂದು ಹೇಳಿ ಮೇಲೇರಿದ. ನಿನಗೆ ಗೊತ್ತಲ್ಲ, ಎಂಥ ಕಂಠ ಅವನದು! ಎರಡನೆಯ ಹಾಡಿಗೆ ನಾನು ರೋಸ್ವಿತಾಳ ಕೈ ಹಿಡಿದು ಹೊರಟೆ. ತಿರುಗಿ ನೋಡಿದೆ. ನಮ್ಮ ಮೇಲಿನ ಕಣ್ಣು ಕೀಳದೆ ಅವನು ಹಾಡುತ್ತಲೇ ಇದ್ದ, ಶ್ರುತಿ ಒಂದಿಷ್ಟೂ ತಪ್ಪಲಿಲ್ಲ. ಅಷ್ಟು ಜನರೆದುರು ಇಳಿದು ಬರುವಂತಿರಲಿಲ್ಲ. ರೈಲು ನಿಲ್ದಾಣದವರೆಗೂ ಆ ಹಾಡು ಬೆನ್ನ ಹಿಂದೆಯೇ ಬಂದಂತಿತ್ತು.

ಈಗ ಅವಳು ನನ್ನ ಹಾಸಿಗೆಯಲ್ಲಿ ಮಲಗಿದ್ದಾಳೆ. ಅಡುಗೆಮನೆಗೆ ಹೋಗಬೇಕಾದರೂ “ಹೋಗಲಾ ಅಮ್ಮಾ?” ಎಂದು ಕೇಳುತ್ತಾಳೆ.

ನಿನ್ನ ದಾರಿಯ ನೀರೆಲ್ಲ ತಣ್ಣಗಿರಲಿ, ದೇವರು ನಿನ್ನ ತಲೆ ಕಾಯಲಿ.

ನಿನ್ನ ಅಮ್ಮ,
ವಾಲ್ಬುರ್ಗಾ

ತಾ.ಕ.: ಕೆಳಗಿನ ಬೇಕರಿಯ ಕ್ರೆಸೆನ್ಸ್ ಈಗಷ್ಟೇ ನನ್ನನ್ನು ಫೋನಿಗೆ ಕರೆದಳು. ಅವನೇ. ಕೂಗಾಟವಿಲ್ಲ, ಅಳುವಿಲ್ಲ. “ಗೆರ್ನೋಟ್ ಗುರುವಾರ ಇಳೀತಾನಂತೆ ಅತ್ತೆ. ನಾನೇ ಬಂದರಿಗೆ ಹೋಗಿ ಕಾರಲ್ಲಿ ಕರ್ಕೊಂಡು ಬರ್ತೀನಿ. ಮಗ ಜೊತೆಗಿದ್ರೆ ಬಾಗಿಲು ತೆಗೀದೇ ಇರ್ತೀರಾ?” ಎಂದ. ಬಂದರಿನ ಗೇಟಿನಾಚೆ ನಗುತ್ತ ನಿಂತಿರುತ್ತಾನೆ. ಬೇರೆ ಬಾಗಿಲಿನಿಂದ ಹೊರಡು, ರೈಲು ಹತ್ತು. ಒಬ್ಬನೇ ಬಾ, ಮಗನೇ. ಅವನ ಜೊತೆ ಬಂದರೆ ನಿನಗೂ ನಾನು ಬಾಗಿಲು ತೆರೆಯುವುದಿಲ್ಲ.